ಶಿಕ್ಷಕರ ಅಂಜಿಕೆ ಬಿಡಿಸೋಣ, ಕಂಪ್ಯೂಟರ್ ಕೋಣೆಯ ಬೀಗ ತೆಗೆಸೋಣ

ನಮ್ಮ ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ಇಲ್ಲ ಎಂಬುದು ಹಳೆಯ ದೂರು. ಈಗ ಎಷ್ಟೋ ಕಡೆ ಕಂಪ್ಯೂಟರ್, ಪ್ರೊಜೆಕ್ಟರ್ ಬಂದಿವೆ. ಆದರೆ ಬಟ್ಟೆ ಹೊದ್ದು, ಬೀಗ ಹಾಕಿದ ಕೋಣೆಯಲ್ಲಿ ಕುಳಿತಿವೆ, ಕೊಳಗದಡಿಯ ದೀಪದ ಹಾಗೆ! ಪೇಟೆಯ ಅನುಕೂಲಸ್ಥರ ಮಗು ಮನೆಯಲ್ಲೇ ಇದನ್ನು ಕಲಿಯುತ್ತದೆ. ಕೂಲಿಕಾರರ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಆದ್ದರಿಂದ ಇದು ಬರೀ ಯಂತ್ರದ ಮಾತಲ್ಲ, ನ್ಯಾಯದ ಮಾತು.

ಹಿಂಜರಿಕೆ ಏಕೆ?

ಶಿಕ್ಷಕರಿಗೆ ಸೋಮಾರಿತನ ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ. "ನಂಗೆ ಬರಲ್ಲ ಸಿಸ್ಟರ್, ಕೆಟ್ಟುಹೋದ್ರೆ ಯಾರು ಹೊಣೆ?" ಎಂಬ ಅಂಜಿಕೆ ಅವರಲ್ಲಿದೆ. ಮಕ್ಕಳ ಮುಂದೆ ತಡವರಿಸಿದರೆ ಮರ್ಯಾದೆ ಹೋದೀತೆಂಬ ಚಿಂತೆ ಇದೆ. ಜೊತೆಗೆ ಪಾಠ ಮುಗಿಸುವ ಅವಸರ, ಕರೆಂಟಿನ ತೊಂದರೆ. ಹೊಸ ತಂತ್ರಜ್ಞಾನವನ್ನು ಜನ ಒಪ್ಪಿಕೊಳ್ಳಲು ಎರಡು ವಿಷಯ ಮುಖ್ಯವೆಂದು ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ತೋರಿಸಿದರು: ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ? ಇದು ನನ್ನಿಂದ ಸುಲಭವಾಗಿ ಆದೀತೇ? ಈ ಎರಡಕ್ಕೂ 'ಹೌದು' ಎಂಬ ಉತ್ತರ ಮನಸ್ಸಿಗೆ ಬರುವ ತನಕ ಸುತ್ತೋಲೆಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಯಂತ್ರ ಹೋಗುತ್ತದೆ, ಶಿಕ್ಷಕರು ಉಳಿಯುತ್ತಾರೆ

2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠಗಳು ಬಂದವು. 2010ರಲ್ಲಿ ಅದರ ಸೇವೆ ಮುಗಿಯಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಸಾಧನಗಳು ಹೀಗೆ ಬದಲಾಗುತ್ತಲೇ ಇರುತ್ತವೆ. ಶಿಕ್ಷಕರ ಧೈರ್ಯಕ್ಕೆ ಹಾಕಿದ ಶ್ರಮ ಮಾತ್ರ ವ್ಯರ್ಥವಾಗುವುದಿಲ್ಲ.

ನಾವು ಮಾಡಬಹುದಾದದ್ದು

1. ಒಂದೇ ಪಾಠದಿಂದ ಶುರು ಮಾಡಿಸೋಣ. ಹೃದಯದ ಬಡಿತ, ಗ್ರಹಣ, ವಿದ್ಯುತ್ ಮಂಡಲ, ಹೀಗೆ ಕಪ್ಪುಹಲಗೆಯ ಮೇಲೆ ತೋರಿಸಲು ಕಷ್ಟವಾದದ್ದನ್ನೇ ಆರಿಸಲಿ. 2017ರಲ್ಲಿ ಆರಂಭವಾದ 'ದೀಕ್ಷಾ'ದಲ್ಲಿ ಕನ್ನಡ ಪಾಠಗಳಿವೆ. 'ಫೆಟ್' ಎಂಬ ವಿಜ್ಞಾನ, ಗಣಿತದ ಪ್ರಯೋಗಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಮೊದಲೇ ಇಳಿಸಿಕೊಂಡರೆ ತರಗತಿಯಲ್ಲಿ ಇಂಟರ್ನೆಟ್ ಬೇಕಿಲ್ಲ.

2. ಮಕ್ಕಳಿಲ್ಲದ ಹೊತ್ತಿನಲ್ಲಿ ಅಭ್ಯಾಸವಾಗಲಿ. ಮೌಸ್ ಕಲಿಯುವವರ ಕೈಯಲ್ಲಿರಲಿ, ಕಲಿಸುವವರ ಕೈಯಲ್ಲಲ್ಲ.

3. ಒಬ್ಬೊಬ್ಬರಿಗೆ ಒಬ್ಬ ಜೊತೆಗಾರರಿರಲಿ. ದೂರದ ತರಬೇತಿಗಿಂತ ಪಕ್ಕದ ತರಗತಿಯ ಸ್ನೇಹಿತೆ ಹೇಳಿಕೊಟ್ಟದ್ದು ಬೇಗ ಹತ್ತುತ್ತದೆ.

4. ವೈರ್ ಜೋಡಿಸಲು ಮಕ್ಕಳನ್ನೂ ಕರೆಯಲಿ, ದೊಡ್ಡವರು ಪಕ್ಕದಲ್ಲಿರಲಿ. ಮಗುವಿನಿಂದ ಕಲಿತ ಗುರುವಿನ ಮರ್ಯಾದೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

5. ಬಳಸುವಾಗ ಕೆಟ್ಟರೆ ಶಿಕ್ಷಕರ ಮೇಲೆ ಹೊರಿಸುವುದಿಲ್ಲ ಎಂದು ಮುಖ್ಯೋಪಾಧ್ಯಾಯರು ಎಲ್ಲರೆದುರು ಹೇಳಲಿ. ಕೀಲಿಕೈ ಶಿಕ್ಷಕರಿಗೆ ಸಿಗುವಂತಿರಲಿ.

ಎಲ್ಲ ಪಾಠಕ್ಕೂ ಪರದೆ ಬೇಕಿಲ್ಲ. ಲೆಕ್ಕ ಬಿಡಿಸಲು, ಅಕ್ಷರ ತಿದ್ದಲು ಸೀಮೆಸುಣ್ಣ, ಸ್ಲೇಟು ಇದ್ದೇ ಇವೆ. ಯಾವುದಕ್ಕೆ ಯಾವುದು ಎಂದು ತೀರ್ಮಾನಿಸುವವರು ಶಿಕ್ಷಕರೇ. ಈ ಮಾತನ್ನು ಮೊದಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಸ್ವಸಹಾಯ ಸಂಘದ ತಾಯಂದಿರೇ, ಎಸ್‌ಡಿಎಂಸಿ ಸದಸ್ಯರೇ, ಮುಂದಿನ ಸಭೆಯಲ್ಲಿ "ಕಂಪ್ಯೂಟರ್ ಎಷ್ಟಿವೆ?" ಎಂದಷ್ಟೇ ಕೇಳಬೇಡಿ. "ಈ ತಿಂಗಳು ಯಾವ ಪಾಠಕ್ಕೆ ಬಳಸಿದ್ರಿ, ನಮ್ಮಿಂದ ಏನು ಸಹಾಯ ಬೇಕು?" ಎಂದು ಪ್ರೀತಿಯಿಂದ ಕೇಳಿ.