ಮುದಿ ಜೀಪಿಗೆ ಮಳೆಗಾಲದ ಕೆಮ್ಮು: ರಿಪೇರಿಗೆಷ್ಟು, ಕಾಗದಕ್ಕೆಷ್ಟು?

ತೋಲ್ಪೆಟ್ಟಿ: ಕೊಡಗಿನ ಕುಟ್ಟದಿಂದ ಗಡಿ ದಾಟಿ ತೋಲ್ಪೆಟ್ಟಿಗೆ ಬಂದವರಿಗೆ ಮೊದಲು ಕಾಣುವುದು ಕಾಡು, ಆಮೇಲೆ ಜೀಪು. 1973ರಲ್ಲಿ ಘೋಷಣೆಯಾದ ವಯನಾಡು ವನ್ಯಜೀವಿಧಾಮದ ಉತ್ತರದ ಬಾಗಿಲು ಇದು. ಪ್ರವಾಸಿಗರಿಗೆ ಜೀಪು ಎಂದರೆ ಸಫಾರಿಯ ಮಜಾ. ಇಲ್ಲಿನ ಕಾಫಿ ತೋಟದ ಮನೆಗಳಿಗೆ ಮಾತ್ರ ಅದೇ ಅಂಬುಲೆನ್ಸು, ಅದೇ ಗೊಬ್ಬರದ ಗಾಡಿ, ಮದುವೆಗೆ ನೆಂಟರನ್ನು ತರುವುದೂ ಅದೇ.

ಎರಡೇ ಬಾಗಿಲು, ಗಿಡ್ಡ ಚಾಸಿಸ್, ಮೇಲೆ ಟಾರ್ಪಾಲು. 1980ರ ದಶಕದಲ್ಲಿ ಬಂದ ಮಹೀಂದ್ರ ಎಂ.ಎಂ. 540 ಜೀಪಿನ ಗತ್ತೇ ಬೇರೆ. 2,112 ಸಿ.ಸಿ.ಯ ಪೂಜೊ ಡೀಸೆಲ್ ಇಂಜಿನಿನ ಸದ್ದು ಕೇಳಿಯೇ ಯಾರ ಮನೆ ಗಾಡಿ ಎಂದು ಹೇಳುವವರು ಊರಲ್ಲಿದ್ದಾರೆ. ತಯಾರಿ ನಿಂತು ವರ್ಷಗಳಾದರೂ ಇದರ ಮೇಲಿನ ಆಸೆ ಇಂಗಿಲ್ಲ. ಪಟ್ಟಣದ ಹುಡುಗರೂ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಆದರೆ ಕೊಂಡ ಮೇಲಿನ ಖರ್ಚು ಎಷ್ಟು? ಅದನ್ನು ಮೊದಲೇ ಲೆಕ್ಕ ಹಾಕುವವರು ಕಡಿಮೆ.

ನೂರರಲ್ಲಿ ಮುಗಿಯುವುದು

ಬೆಳಿಗ್ಗೆ ಚಳಿಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂಬುದು ಎಲ್ಲರ ಮೊದಲ ದೂರು. 'ಬ್ಯಾಟರಿ ಹೋಯ್ತು ಕಣಣ್ಣಾ' ಎಂದು ಹೊಸ ಬ್ಯಾಟರಿಗೆ ಓಡುವ ಮುನ್ನ ಹೀಟರ್ ಪ್ಲಗ್ ನೋಡಿಸಿ. ಈ ಇಂಜಿನಿಗೆ ನಾಲ್ಕು ಪ್ಲಗ್ ಇವೆ. ಅವು ಕಾಯದಿದ್ದರೆ ಚಳಿಯಲ್ಲಿ ಡೀಸೆಲ್ ಹೊತ್ತಿಕೊಳ್ಳುವುದೇ ಕಷ್ಟ. ಬ್ಯಾಟರಿ ಟರ್ಮಿನಲ್ ಕಿಲುಬು, ಸಡಿಲವಾದ ಅರ್ತ್ ವಯರ್, ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಇವೂ ಇದೇ ಗುಂಪಿನವು. ನೂರುಗಳಲ್ಲಿ ಮುಗಿಯುವ ಕೆಲಸವನ್ನು ಸಾವಿರಕ್ಕೆ ಬೆಳೆಸಬೇಡಿ.

ಸಾವಿರಕ್ಕೆ ಏರುವುದು

ಹಳ್ಳ ದಿಣ್ಣೆ ಹತ್ತಿದ ಜೀಪಿನ ಸ್ಟೇರಿಂಗ್ ಒಂದು ವೇಗಕ್ಕೆ ಬಂದಾಗ ಗಡಗಡ ನಡುಗುತ್ತದೆ. ಕಾರಣ ಟೈ ರಾಡ್ ಎಂಡ್, ಕಿಂಗ್ ಪಿನ್ ಬೇರಿಂಗ್, ಸ್ಪ್ರಿಂಗ್ ಬುಶ್ ಅಥವಾ ಟೈರು. ಒಂದನ್ನೇ ಬದಲಿಸಿದರೆ ಉಳಿದವು ಸವೆದ ಕಡೆ ಮತ್ತೆ ಅಲುಗಾಟ ಶುರು. ಎಲ್ಲವನ್ನೂ ಒಟ್ಟಿಗೆ ನೋಡಿಸಿದರೆ ಕೂಲಿ ಒಂದೇ ಸಲ ಬೀಳುತ್ತದೆ.

ನಾಲ್ಕು ಚಕ್ರದ ಗೇರು ಕೆಸರಿಗೆ ಮಾತ್ರ. ಕೆಲವರು ಅದನ್ನು ಹಾಕಿಕೊಂಡೇ ಟಾರು ರಸ್ತೆಯಲ್ಲಿ ಬರುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಓಡುವ ದೂರ ಬೇರೆ ಬೇರೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಟಾರಿನಲ್ಲಿ ಜಾರುವುದಿಲ್ಲ. ಆ ಎಳೆದಾಟವೆಲ್ಲ ಯು-ಜಾಯಿಂಟ್ ಮತ್ತು ಗೇರುಗಳ ಮೇಲೆ ಬೀಳುತ್ತದೆ.

ಬ್ರೇಕಿನಲ್ಲಿ ಮಾತ್ರ ಜಿಪುಣತನ ಬೇಡ. ಬಹಳ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ದಾರಿಯ ಮಾಸ್ಟರ್ ಸಿಲಿಂಡರ್. ಒಂದು ಚಕ್ರದ ಬಳಿ ಪೈಪು ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಇಳಿಜಾರು ತೋಟದ ದಾರಿಯಲ್ಲಿ ಹಿಂದೆ ಆಳುಗಳನ್ನು ಕೂರಿಸಿಕೊಂಡಾಗ ಹೀಗಾದರೆ ಗತಿಯೇನು? ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ತೋಡು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿ ಒತ್ತಿ ಬಂದರೆ ಡ್ರಮ್ಮಿನೊಳಗಿನ ನೀರು ಆರುತ್ತದೆ.

ಕೈ ಸುಡುವುದು

ಹೊಗೆಯ ಬಣ್ಣ ನೋಡಿ ಅರ್ಧ ರೋಗ ಹೇಳಬಹುದು. ಕಪ್ಪು ಹೊಗೆಯಾದರೆ ನಾಜಲ್, ಪಂಪು ಅಥವಾ ಏರ್ ಫಿಲ್ಟರ್. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಗಾಡಿ ಮುಂದಕ್ಕೆ ಓಡಿಸಲೇಬೇಡಿ. ಸ್ಲೀವ್, ಪಿಸ್ಟನ್, ಕ್ರ್ಯಾಂಕ್ ಎಂದು ಇಂಜಿನ್ ಪೂರ್ತಿ ಬಿಚ್ಚಿದರೆ ಬಿಲ್ಲು ಅರ್ಧ ಲಕ್ಷ ದಾಟುವುದು ಅಪರೂಪವಲ್ಲ.

ಇಲ್ಲಿನ ಮಳೆಗೆ ಇಂಜಿನಿಗಿಂತ ಮೊದಲು ಸೋಲುವುದು ತಗಡು. ಬಾಡಿ ತುಕ್ಕಾದರೆ ಪ್ಯಾಚ್ ಹಾಕಬಹುದು, ಆದರೆ ಚಾಸಿಸ್ ತುಕ್ಕು ಹಾಗಲ್ಲ. ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ, ಚಾಸಿಸ್ ಮೇಲಿನ ನಂಬರನ್ನು ಉಜ್ಜಿ ನೋಡಿ ಆರ್‌ಸಿಯ ಜತೆ ಹೋಲಿಸಬೇಕು. ನಂಬರ್ ಓದಲು ಬಾರದಿದ್ದರೆ ಆರ್‌ಟಿಒ ಕಚೇರಿಯಲ್ಲಿ ತಲೆನೋವು ಖಂಡಿತ.

ಕಾಗದದ ಲೆಕ್ಕ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕೇಂದ್ರ ಸರಕಾರ 2022ರ ಎಪ್ರಿಲ್ 1ರಿಂದ ಲಘು ವಾಹನದ ನವೀಕರಣ ಶುಲ್ಕವನ್ನು 600 ರೂ.ನಿಂದ 5,000 ರೂ.ಗೆ ಏರಿಸಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಲಘು ವಾಹನಗಳಿಗೆ 10,000 ರೂ. ಮಾಡಿತು.

ಇದರ ಮೇಲೆ ರಾಜ್ಯದ ತೆರಿಗೆ. ಕೇರಳವು 2025ರ ಎಪ್ರಿಲ್ 1ರಿಂದ 15 ವರ್ಷ ದಾಟಿದ ಖಾಸಗಿ ವಾಹನಗಳ ತೆರಿಗೆಯನ್ನು ಶೇ. 50ರಷ್ಟು ಹೆಚ್ಚಿಸಿತು. 750ರಿಂದ 1,500 ಕಿಲೋ ತೂಕದ ನಾಲ್ಕು ಚಕ್ರದ ವಾಹನಕ್ಕೆ ಐದು ವರ್ಷಕ್ಕೆ 8,600 ರೂ. ಇದ್ದದ್ದು 12,900 ರೂ. ಆಯಿತು. ಈ ದರದಂತೆ 20 ವರ್ಷ ದಾಟಿದ ಕೇರಳ ನಂಬರಿನ ಖಾಸಗಿ ಜೀಪಿಗೆ ಶುಲ್ಕ, ತೆರಿಗೆ ಸೇರಿ 22,900 ರೂ., ಜಿಎಸ್‌ಟಿ ಬೇರೆ. ಗಾಡಿಯ ಕೆಲಸಕ್ಕೆ ಕೈ ಹಾಕುವ ಮೊದಲೇ ಇಷ್ಟು ತೆಗೆದಿಡಬೇಕು. ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಜೀಪಾದರೆ ಎಂಟು ವರ್ಷದ ನಂತರ ಪ್ರತಿವರ್ಷ ಫಿಟ್‌ನೆಸ್ ಕಡ್ಡಾಯ.

ಗಡಿಯವರಿಗೆ ಇನ್ನೊಂದು ತೊಡಕಿದೆ. ತವರು ಕುಟ್ಟದಲ್ಲಿ, ತೋಟ ತಿರುನೆಲ್ಲಿಯಲ್ಲಿ, ಗಾಡಿ ಕೆಎ ನಂಬರಿನದು. ಬೇರೆ ರಾಜ್ಯದ ವಾಹನ 12 ತಿಂಗಳು ಮೀರಿ ಇಲ್ಲಿಯೇ ಇದ್ದರೆ ಇಲ್ಲಿನ ನಂಬರ್ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು. ಆಚೆಯಿಂದ ಅಗ್ಗಕ್ಕೆ ಸಿಕ್ಕಿತೆಂದು ಜೀಪು ತಂದವರಿಗೆ ಎನ್‌ಒಸಿ, ತೆರಿಗೆ ಸೇರಿದಾಗ ಅಗ್ಗ ಉಳಿಯುವುದಿಲ್ಲ.

ನಿಲ್ಲಿಸಿದರೂ ಖರ್ಚು

2024ರ ಫೆಬ್ರವರಿಯಲ್ಲಿ ಕಾಡಾನೆ ದಾಳಿಯ ನಂತರ ವಯನಾಡಿನ ಸಫಾರಿಗಳು ತಿಂಗಳುಗಟ್ಟಲೆ ನಿಂತಿದ್ದವು. ಸಂಪಾದನೆ ನಿಂತರೂ ಗಾಡಿಯ ಖರ್ಚು ನಿಲ್ಲುವುದಿಲ್ಲ. ನಿಂತ ಜೀಪಿನಲ್ಲಿ ಬ್ಯಾಟರಿ ಇಳಿಯುತ್ತದೆ, ವೀಲ್ ಸಿಲಿಂಡರ್ ಅಂಟಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ನೀರು ಸೇರುತ್ತದೆ, ವಯರನ್ನು ಇಲಿ ಕಡಿಯುತ್ತದೆ. ವಾರಕ್ಕೊಮ್ಮೆ ಇಂಜಿನ್ ಬಿಸಿಯಾಗುವಷ್ಟು ಓಡಿಸಿ, ಟ್ಯಾಂಕ್ ತುಂಬಿಸಿಟ್ಟರೆ ಬಹಳಷ್ಟು ಉಳಿಯುತ್ತದೆ.

ಹಾಗಾದರೆ ಇಟ್ಟುಕೊಳ್ಳುವುದೋ, ಮಾರುವುದೋ? ಚಾಸಿಸ್ ಗಟ್ಟಿಯಿದ್ದು, ಕಾಗದ ಸರಿಯಿದ್ದು, ಬಿಡಿಭಾಗ ಸಿಗುತ್ತಿದ್ದರೆ ಇಟ್ಟುಕೊಳ್ಳಲು ಅರ್ಥವಿದೆ. ಚಾಸಿಸ್ ತಿಂದುಹೋಗಿ ಇಂಜಿನೂ ಬಿಚ್ಚಬೇಕಾದ ಗಾಡಿಗೆ ಅಪ್ಪ ತಂದದ್ದೆಂಬ ಪ್ರೀತಿಯಿಂದ ಸಾಲ ಮಾಡಿ ಸುರಿಯುವುದು ಮನೆಗೆ ಹೊರೆ. ಏನೇ ಆಗಲಿ, ದುಡ್ಡು ಕಡಿಮೆಯಿದ್ದರೆ ಬಣ್ಣ, ಹೊಸ ಹುಡ್ಡು, ಅಗಲ ಟೈರು ಕಾಯಲಿ. ಮೊದಲ ದುಡ್ಡು ಬ್ರೇಕಿಗೆ ಹೋಗಲಿ.