ನಿಮಗಿದು ಗೊತ್ತೆ? ನೀಲಿ ಹೊಗೆ ಬಂದರೆ ಎಂಜಿನ್ ಮುಗಿಯಿತೆಂದಲ್ಲ!

1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿಯಂಥ ಹಳೆಯ ವ್ಯಾನ್ ನೀಲಿ ಹೊಗೆ ಉಗುಳಿದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆದರೆ ಅಷ್ಟಕ್ಕೇ ಎಂಜಿನ್ ಬಿಚ್ಚಿಸಬೇಕಿಲ್ಲ. ಮೊದಲು ಹೊಗೆ ಬರುವ ಹೊತ್ತನ್ನು ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದಿರುತ್ತದೆ. ಏರು ಹತ್ತುವಾಗಲೂ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಎರಡೂ ಸವೆದಿರಬಹುದಲ್ಲವೇ? ಹೌದು, ಅದಕ್ಕೇ ಕಂಪ್ರೆಷನ್ ಪರೀಕ್ಷೆ ಬೇಕು: ಸಿಲಿಂಡರಿಗೆ ಸ್ವಲ್ಪ ಆಯಿಲ್ ಹಾಕಿದ ಮೇಲೆ ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಹೊಗೆಯಿಲ್ಲದೆ ಆಯಿಲ್ ಕಡಿಮೆಯಾಗುತ್ತಿದ್ದರೆ ರಾತ್ರಿ ವ್ಯಾನಿನಡಿ ರಟ್ಟು ಹಾಸಿ. ಕಲೆ ಬಿದ್ದ ಜಾಗವೇ ಸೋರಿಕೆಯ ಮೂಲವಾಗಿರಬೇಕಿಲ್ಲ, ಆಯಿಲ್ ಮೇಲಿನಿಂದ ಹರಿದು ಬಂದಿರಬಹುದು; ಎಂಜಿನ್ ಒರೆಸಿ ಹುಡುಕಿ. ಕಾರಣ ಖಚಿತವಾದ ಮೇಲೆಯೇ ಖರ್ಚಿಗೆ ಕೈಹಾಕಿ.