ಹಿತ್ತಿಲಲ್ಲೊಂದು ಅಜ್ಜಿ ಮನೆ

ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ದೊಡ್ಡ ಮನೆಗಳ ಹಿಂದೆ ಔಟ್‌ಹೌಸ್ ಇರುತ್ತಿದ್ದುದು ಹಲವರಿಗೆ ನೆನಪಿರಬಹುದು. ಒಂದು ಕೋಣೆ, ಅಡುಗೆಮನೆ, ಬಚ್ಚಲು, ಅಷ್ಟೆ. ಅದೇ ಬಗೆಯ ಮನೆಗಳು ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಏಳುತ್ತಿವೆ. ಸರ್ಕಾರಿ ಕಾಗದದಲ್ಲಿ ಅದು ಎ.ಡಿ.ಯು.; ಜನರ ಬಾಯಲ್ಲಿ ‘ಗ್ರ್ಯಾನಿ ಫ್ಲಾಟ್’, ಅಂದರೆ ಅಜ್ಜಿ ಮನೆ. (ಅಲ್ಲಿಯವರ ಮುಂದೆ ಔಟ್‌ಹೌಸ್ ಅನ್ನಬೇಡಿ. ಅವರ ಮಾತಿನಲ್ಲಿ ಅದು ಹಿತ್ತಿಲ ಪಾಯಿಖಾನೆ!)

ಅಲ್ಲಿನ ಎಷ್ಟೋ ಬಡಾವಣೆಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ಕಟ್ಟುನಿಟ್ಟಿತ್ತು. ಮನೆಗಳ ಅಭಾವ ಮಿತಿಮೀರಿದಾಗ ರಾಜ್ಯ ಸರ್ಕಾರವೇ ನಿಯಮ ಸಡಿಲಿಸಿತು. 2020ರ ಜನವರಿಯಿಂದ, ಪಕ್ಕದ ಮತ್ತು ಹಿಂದಿನ ಗಡಿಯಿಂದ 4 ಅಡಿ ಬಿಟ್ಟು 800 ಚದರಡಿಯ, 16 ಅಡಿ ಎತ್ತರದ ಮನೆ ಕಟ್ಟುತ್ತೇನೆಂದರೆ ನಗರಾಡಳಿತ ಸುಮ್ಮನೆ ಅಡ್ಡ ಬರುವಂತಿಲ್ಲ. ಅರ್ಜಿ ಪೂರ್ತಿಯಿದ್ದರೆ 60 ದಿನದೊಳಗೆ ತೀರ್ಮಾನ ಹೇಳಬೇಕು.

ಅಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಅಪ್ಪ ಅಮ್ಮನ ವಿಚಾರ. ಊರಿಂದ ಬಂದವರಿಗೆ ಸಾಮಾನ್ಯವಾಗಿ ಸಲಕ್ಕೆ ಆರು ತಿಂಗಳ ವಾಸ. ಮಹಡಿಯ ಕೋಣೆ, ಕೆಳಗೆ ಅಡುಗೆಮನೆ, ನಡುವೆ ಮಂಡಿನೋವು. ಐದಕ್ಕೇ ಎದ್ದು ಕಾಫಿ ಬೆರೆಸಿದರೆ ಮಕ್ಕಳಿಗೆ ಎಚ್ಚರವಾದೀತೆಂಬ ಅಳುಕು. ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಗಂಟೆ ಬಡಿದುಕೊಳ್ಳುವ ಭಯ. ಮಗಳ ಮನೆಯಲ್ಲೂ ನೆಂಟರಂತೆ ಇರಬೇಕು. ಹಿತ್ತಿಲ ಮನೆಗಾದರೋ ಕಾನೂನಿನ ಪ್ರಕಾರವೇ ಅಡುಗೆಗೊಂದು ಜಾಗ ಇರಲೇಬೇಕು. ಅಮ್ಮನ ಒಲೆ ಅಮ್ಮನದೇ!

ಆದರೆ ಹಣ? ಹೊಸದಾಗಿ ಕಟ್ಟಿದರೆ ಒಂದು ಲಕ್ಷ ಡಾಲರ್ ದಾಟುವುದು ಮಾಮೂಲು. ಗೋಡೆ ಸೂರಿಗಿಂತ ಹೆಚ್ಚಾಗಿ ಮಣ್ಣಿನೊಳಗಿನ ಕೆಲಸ ಲೆಕ್ಕ ತಪ್ಪಿಸುತ್ತದೆ. ಹಿತ್ತಿಲಿಂದ ಬೀದಿಯ ಒಳಚರಂಡಿವರೆಗೆ, ಕಾರು ನಿಲ್ಲುವ ಕಾಂಕ್ರೀಟನ್ನೇ ಒಡೆದು ಪೈಪು ಎಳೆಯಬೇಕಾಗಬಹುದು. ಅದಕ್ಕೇ ಎಷ್ಟೋ ಜನ ಇರುವ ಗ್ಯಾರೇಜನ್ನೇ ಮನೆ ಮಾಡಿಕೊಳ್ಳುತ್ತಾರೆ. ಹಿರಿಯರು ಊರಿಗೆ ಹೊರಟ ಮೇಲೆ ಬಾಡಿಗೆಗೆ ಕೊಟ್ಟು ಸಾಲದ ಕಂತಿಗೆ ಹೊಂದಿಸುತ್ತಾರೆ. ಮುಂದಿನ ವರ್ಷ ಅಮ್ಮ ಬರುವಾಗ ಬಾಡಿಗೆದಾರರಿಗೆ ಏನು ಹೇಳುವುದೆಂಬುದು ಬೇರೆಯೇ ತಲೆನೋವು.

ನಕ್ಷೆ ಬರೆಸುವ ಮುನ್ನ ಅಮ್ಮನನ್ನೇ ಕೇಳುವುದು ಒಳ್ಳೆಯದು. ‘ನನ್ನನ್ನು ಹಿತ್ತಿಲಿಗೆ ಹಾಕಿದರು’ ಎಂದು ಆಕೆಗೆ ಅನ್ನಿಸುವುದಾದರೆ ಮಹಡಿಯ ಕೋಣೆಯೇ ವಾಸಿ. ಒಪ್ಪಿದರೆ ಹೊಸಿಲು ತಗ್ಗಾಗಿರಲಿ, ಬಚ್ಚಲ ಗೋಡೆಗೆ ಹಿಡಿಕೆ ಇರಲಿ, ದಾರಿಗೆ ದೀಪವಿರಲಿ. ಕಿಟಕಿ ಮಾತ್ರ ದೊಡ್ಡ ಮನೆಯ ಅಡುಗೆಮನೆಯ ಕಡೆಗೇ ಇಡಿಸಿ.